ನಡುವಿನ ಅರ್ಧ ಫರಶಿ

ಮಧ್ಯಾಹ್ನದ ಊಟಕ್ಕೆ ಮುಂಬೈ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಕೂತಿದ್ದೆವು. ನಮ್ಮ ಆಫೀಸಿನ ಅಕೌಂಟ್ಸ್‌ನಲ್ಲಿರುವ ಮಂಗಳೂರು ಕಡೆಯ ಹೆಂಗಸು ತನ್ನ ಮೊಬೈಲನ್ನು ನನ್ನ ತಟ್ಟೆಯ ಪಕ್ಕಕ್ಕೆ ಸರಿಸಿದರು. ಅದರಲ್ಲಿ ಇಟಲಿಯ ಯಾವನೋ ಒಬ್ಬ ಫುಟ್‌ಬಾಲ್ ಆಟಗಾರನ ವಿವರವಿತ್ತು. ಅವರ ಮಗನಿಗೆ ಫುಟ್‌ಬಾಲ್ ಹುಚ್ಚು. ಮಗನ ಹುಚ್ಚು ತಾಯಿಗೂ ಅಂಟಿಕೊಂಡಿದೆ.

"ಇವನೂ ನಿಮ್ಮ ಹಾಗೆಯೇ ಮಾರಾಯ್ರೆ, ಮಿಡ್‌ಫೀಲ್ಡರ್. ಮೂರನೇ ಡಿವಿಜನ್, ನಾಲ್ಕನೇ ಡಿವಿಜನ್ ಅಂತ ಕೆಳಗೆಯೇ ಆಡಿ ಮುಗಿಸಿದ್ದಾನೆ. ಆದ್ರೂ ನೋಡಿ, ಅವನಿಗೂ ಒಂದು ಪೇಜ್ ಉಂಟು."

ಓದಿದೆ. ಹುಟ್ಟಿದ ಊರು, ಆಡಿದ ತಂಡಗಳು. ಒಂದು ತಂಡದವರು ಅವನನ್ನು ಇನ್ನೊಂದು ತಂಡಕ್ಕೆ ಎರವಲು ಕೊಟ್ಟದ್ದು, ಅವರು ಬೇಡವೆಂದು ತಿರುಗಿ ಕಳಿಸಿದ್ದು. ಗೋಲು ಬೆರಳೆಣಿಕೆಯಷ್ಟು. ಮೇಲಿನ ಡಿವಿಜನ್ನಿಗೆ ಒಮ್ಮೆಯೂ ಹತ್ತಿಲ್ಲ. ಫೋಟೋದಲ್ಲಿದ್ದದ್ದು ಲೈಟ್ ಬಿಲ್ ಕಟ್ಟಲು ಸಾಲಿನಲ್ಲಿ ನಿಂತವನ ಮುಖ. ಮನುಷ್ಯ ನನಗೆ ಹಿಡಿಸಿದ.

"ನಿಮ್ಮ ಪೇಜ್ ಎಲ್ಲುಂಟು?" ಎಂದು ಅವರು ಕೇಳಿದರು.

"ನಮ್ಮಪ್ಪನ ಬಾಯಾಗ ಐತ್ರಿ" ಅಂದೆ.

ಅವರು ತಮಾಷೆ ಅಂದುಕೊಂಡು ನಕ್ಕರು. ವಿವರಿಸಲು ಊಟದ ಹೊತ್ತು ಸಾಲದು, ಸಾರು ಬೇರೆ ಆರುತ್ತಿತ್ತು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು, ಬೆಳೆದದ್ದು, ಚೆಂಡು ಒದೆಯಲು ಕಲಿತದ್ದು ಎಲ್ಲ ವಡಾಲದಲ್ಲಿ. ಅಪ್ಪ ವಿಜಯಪುರದ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವನು. ಕಲ್ಲು ಹೊರುವುದರಿಂದ ಶುರುಮಾಡಿ ನೆಲಕ್ಕೆ ಫರಶಿ ಕೂರಿಸುವ ಮೇಸ್ತ್ರಿಯಾದ. ಮುಂಬೈಯಲ್ಲಿ ಫರಶಿಗೆ ಲಾದಿ ಅನ್ನುತ್ತಾರೆ. ಸೈಟಿನಲ್ಲಿ ಅಪ್ಪನೂ ಲಾದಿ ಅನ್ನುತ್ತಿದ್ದ, ಮನೆಗೆ ಬಂದರೆ ಮತ್ತೆ ಫರಶಿ. ಚಾಳಿನಲ್ಲಿ ಯಾರ ಖೋಲಿಗೆ ಹೋದರೂ ಮೊದಲು ನೆಲ ನೋಡುತ್ತಿದ್ದ, ಆಮೇಲೆ ಮನುಷ್ಯರನ್ನು. ನೆಲ ಸರಿಯಿಲ್ಲದಿದ್ದರೆ ಚಹಾ ಕುಡಿಯುವಾಗಲೂ ಅವನ ಕಣ್ಣು ಆ ಸಂದಿಯಲ್ಲೇ ಇರುತ್ತಿತ್ತು, ಅವ್ವ ಮೊಣಕೈಯಿಂದ ತಿವಿಯಬೇಕಾಗುತ್ತಿತ್ತು.

ನಮ್ಮ ಕ್ಲಬ್ಬನ್ನು ಕಾಲನಿಯ ಹಿರಿಯರು ಸೇರಿ ನಡೆಸುತ್ತಿದ್ದರು. ಕೋಚ್ ಒಬ್ಬ ಮರಾಠಿ ಹಿರಿಯರು, ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಮೊದಲ ದಿನ ನನ್ನ ಓಟ ನೋಡಿ, ಹೊಡೆತ ನೋಡಿ, ಎರಡರಿಂದಲೂ ಸಂತೋಷವಾಗದೆ, "ತೂ ಹಾಫ್" ಅಂದರು. ಈಗ ಮಿಡ್‌ಫೀಲ್ಡರ್ ಅನ್ನುವುದಕ್ಕೆ ಅವರ ಕಾಲದವರು ಹಾಫ್ ಅನ್ನುತ್ತಿದ್ದರು. ಹಿಂದೆ ನಿಂತು ಕಾಯುವವನು ಸ್ಟಾಪರ್, ಮುಂದೆ ಗೋಲು ಹೊಡೆಯುವವನು ಫಾರ್ವರ್ಡ್, ಇಬ್ಬರ ನಡುವೆ ಓಡಿ ಓಡಿ ಸಾಯುವವನು ಹಾಫ್.

ಮನೆಗೆ ಬಂದು ಹೇಳಿದೆ. ಅಪ್ಪ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದ. ಸಿಮೆಂಟು ಅವನ ಬೆರಳುಗಳನ್ನು ಸೀಳಿಹಾಕುತ್ತಿತ್ತು.

"ಹಾಫ್ ಅಂದ್ರ ಅರ್ಧ?" ಎಂದು ಕೇಳಿದ.

"ಹೂಂ. ನಡುವ ಆಡೂದು."

"ಅಲ್ಲೋ ತಮ್ಮಾ, ಅರ್ಧ ಫರಶಿ ಗ್ವಾಡಿ ಬುಡಕ ಕೂಡಸ್ತೀವಿ. ಮ್ಯಾಲ ಕಪಾಟು ಬಂದು ಮುಚ್ಚಿ ಹೋಗ್ತೈತಿ. ನಟ್ಟನಡುವ ಯಾರರ ಅರ್ಧಾ ಹಾಕ್ತಾರೇನು? ಪೂರಾ ಯಾವಾಗ ಆಗ್ತಿ?"

ಈ ಮಾತು ಅವನಿಗೇ ಎಷ್ಟು ಇಷ್ಟವಾಯಿತೆಂದರೆ ಅದನ್ನು ಅವ್ವನಿಗೆ ಹೇಳಿದ, ಪಕ್ಕದ ಖೋಲಿಯವರಿಗೆ ಹೇಳಿದ, ಊರಿನಿಂದ ಯಾರೇ ಬಂದರೂ ಹೇಳಿದ. ನನ್ನ ಮದುವೆಯಲ್ಲಿ ಬೀಗರಿಗೂ ಹೇಳಿದ. "ನಮ್ಮ ಮಗಾ ಅರ್ಧ ಫರಶಿ ಅದಾನ್ರೀ, ನಡುವ ಹಾಕ್ಯಾರ." ನನ್ನ ಹೆಂಡತಿ ಬಹಳ ದಿನ ಇದು ಯಾವುದೋ ರೋಗ ಅಂದುಕೊಂಡಿದ್ದಳಂತೆ.

ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಸ್ವಲ್ಪ ಬರುತ್ತದೆ. ಹಾಫಿನ ಕೆಲಸ ಏನೆಂದು ಜನಕ್ಕೆ ಗೊತ್ತಿಲ್ಲ. ಗೋಲು ಹೊಡೆದವನನ್ನು ಹೆಗಲ ಮೇಲೆ ಎತ್ತುತ್ತಾರೆ. ಅವನಿಗೆ ಪಾಸು ಕೊಟ್ಟವನ ಬೆನ್ನು ತಟ್ಟುತ್ತಾರೆ. ಅದಕ್ಕೂ ಮುಂಚೆ ಎದುರಾಳಿಯ ಕಾಲಿನಿಂದ ಆ ಚೆಂಡನ್ನು ಕಸಿದುಕೊಂಡು ಬಂದವನು ಅಷ್ಟು ಹೊತ್ತಿಗೆ ಒಂದು ಕಡೆ ಕೂತು ಬೂಟಿನ ಲೇಸು ಕಟ್ಟುತ್ತಿರುತ್ತಾನೆ. "ಎಷ್ಟು ಗೋಲು ಹೊಡೆದಿದ್ದೀರಿ?" ಎಂದು ಕೇಳುವವರಿಗೆ ಏನು ಹೇಳುವುದು? ಅವರ ಮನೆಯಲ್ಲಿ ಅಡುಗೆ ಮಾಡುವವರನ್ನು "ನೀವು ಎಷ್ಟು ತಟ್ಟೆ ಊಟ ಮಾಡಿದಿರಿ?" ಎಂದು ಕೇಳಿದಂತೆ ಅದು.

ಅಪ್ಪ ಒಂದು ಪಂದ್ಯಕ್ಕೂ ಬರಲಿಲ್ಲ. ಮೊದಮೊದಲು ಕರೆಯುತ್ತಿದ್ದೆ. ರವಿವಾರವೂ ಕೆಲಸ ಅನ್ನುತ್ತಿದ್ದ. ಕೆಲಸವಿಲ್ಲದ ರವಿವಾರ ಮಲಗುತ್ತಿದ್ದ. ಮೀಸೆ ಬಂದ ಗಂಡಸರು ಒಂದು ಚೆಂಡಿನ ಹಿಂದೆ ಬೀಳುವುದನ್ನು ನೋಡಲು ಟ್ರೇನ್ ಹತ್ತಿ ಹೋಗುವುದು ಅವನ ತಲೆಗೆ ಹತ್ತಲೇ ಇಲ್ಲ. ಒಮ್ಮೆ ನಾನು ಜೋರು ಮಾಡಿದಾಗ, "ನೀ ಪೂರಾ ಆಗೂ ದಿನಾ ಹೇಳು, ಬರ್ತೀನಿ" ಅಂದ.

"ಪೂರಾ ಅಂದ್ರ ಏನಪಾ?"

"ಅದು ನಿಂಗ ಗೊತ್ತು. ನಿನ್ನ ಆಟ, ನಿನ್ನ ಲೆಕ್ಕ."

"ಮ್ಯಾಲಿನ ಡಿವಿಜನ್ನಿಗೆ ಹತ್ತಿದ್ರ ಪೂರಾ" ಅಂದೆ. ಬಾಯಿಂದ ಹಾಗೇ ಬಂದುಬಿಟ್ಟಿತು. ಅಲ್ಲಿಂದ ಮುಂದೆ ಅದೇ ನನ್ನ ಲೆಕ್ಕವಾಯಿತು. ನಮ್ಮ ಕ್ಲಬ್ಬು ಇದ್ದದ್ದು ಕೆಳಗಿನ ಡಿವಿಜನ್ನಿನಲ್ಲಿ. ಒಂದೇ ಒಂದು ವರ್ಷ ಮೇಲಿನದರಲ್ಲಿ ಆಡಬೇಕು, ಅಪ್ಪ ಬಂದು ನೋಡಬೇಕು, ಆಮೇಲೆ ಬೂಟು ಯಾರಿಗಾದರೂ ಕೊಟ್ಟುಬಿಡಬಹುದು. ಇದಕ್ಕಿಂತ ದೊಡ್ಡ ಆಸೆ ನನಗಿರಲಿಲ್ಲ. ದೊಡ್ಡ ಕ್ಲಬ್ಬೊಂದರ ಆಯ್ಕೆಗೆ ಒಮ್ಮೆ ಹೋಗಿದ್ದೆ. "ತಲೆ ಓಡುತ್ತದೆ, ಕಾಲು ಓಡುವುದಿಲ್ಲ" ಎಂದು ಕಳಿಸಿದರು. ಅದು ನಿಜವಾದ್ದರಿಂದ ನನಗೆ ಬೇಜಾರೂ ಆಗಲಿಲ್ಲ.

ಆ ಆಯ್ಕೆಯಿಂದ ಒಂದು ಲಾಭವಾಯಿತು. ಅಲ್ಲಿ ಒಬ್ಬ ಉದ್ದನೆಯ ಸ್ಟಾಪರ್ ನನಗೆ ಡಿಕ್ಕಿ ಹೊಡೆದು, ತಾನೇ ಕೆಳಗೆ ಬಿದ್ದು, "ಕಣ್ಣ ಕಾಣಂಗಿಲ್ಲೇನಲೇ?" ಎಂದು ಬೈದ.

"ಕಾಣ್ತಾವು. ಅಡ್ಡ ಬಂದಾವ ನೀನು" ಅಂದೆ.

ಬಿದ್ದಲ್ಲಿಂದಲೇ ಅವನು ನನ್ನನ್ನು ನೋಡಿ ನಗತೊಡಗಿದ. ಅವನು ಜೋಗೇಶ್ವರಿಯವನು. ಮನೆಯವರು ನಮ್ಮ ಕಡೆಯ ಮುಸಲ್ಮಾನರು. ಮನೆಯಲ್ಲಿ ದಖನಿ, ಊರಿನವರು ಸಿಕ್ಕರೆ ಕನ್ನಡ. ಅಲ್ಲೇ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅಲ್ಯುಮಿನಿಯಂ ಕಿಟಕಿ ಮಾಡುತ್ತಿದ್ದ. ದೊಡ್ಡ ಕ್ಲಬ್ಬಿನವರು ಅವನನ್ನೂ ತೆಗೆದುಕೊಳ್ಳಲಿಲ್ಲ. "ಮತ್ತೇನ್ ಮಾಡ್ತಿ, ನಮ್ಮಲ್ಲಿ ಬಾ" ಅಂದೆ. ಬಂದ. ಹಾರ್ಬರ್ ಲೈನು ಜೋಗೇಶ್ವರಿಯ ಕಡೆಗೆ ಹೋಗದಿದ್ದ ಕಾಲದಲ್ಲೂ ಎರಡು ಟ್ರೇನ್ ಬದಲಿಸಿ ಪ್ರಾಕ್ಟೀಸಿಗೆ ಬರುತ್ತಿದ್ದ. ನಮ್ಮ ಮನೆಯಲ್ಲಿ ರೊಟ್ಟಿ ತಿಂದು, ಅಪ್ಪನನ್ನು ಕಾಕಾ ಎಂದು ಕರೆದು, ನನ್ನ ಅರ್ಧ ಫರಶಿಯ ಕತೆಗೆ ಪ್ರತಿ ಸಲವೂ ಮೊದಲ ಸಲ ಕೇಳಿದವನಂತೆ ನಗುತ್ತಿದ್ದ. ಅಪ್ಪನಿಗೆ ಅವನೆಂದರೆ ಪ್ರಾಣ.

ಮೈದಾನದಲ್ಲಿ ನಮ್ಮಿಬ್ಬರದೂ ಕನ್ನಡ. ಹಾಫಿಗೆ ಚೆಂಡು ಬರುವಾಗ ಅವನ ಬೆನ್ನು ಎದುರಾಳಿಯ ಕಡೆಗಿರುತ್ತದೆ, ಹಿಂದೆ ಯಾರಿದ್ದಾರೆಂದು ಕಾಣುವುದಿಲ್ಲ. ಸ್ಟಾಪರ್‌ಗೆ ಇಡೀ ಮೈದಾನ ಕಾಣುತ್ತದೆ. ನನ್ನ ಬೆನ್ನಿಗೆ ಯಾವನಾದರೂ ಬಿದ್ದರೆ ಅವನು "ಬಂದ!" ಎಂದು ಕೂಗುತ್ತಿದ್ದ. ಕೂಗಿದರೆ ನಾನು ಚೆಂಡನ್ನು ನಿಲ್ಲಿಸದೆ ದಾಟಿಸಿಬಿಡುತ್ತಿದ್ದೆ. ಕೂಗದಿದ್ದರೆ ಆರಾಮವಾಗಿ ತಿರುಗುತ್ತಿದ್ದೆ. ಅವನ ಆ ಒಂದು ಮಾತಿನ ಮೇಲೆ ನಾನು ಅಷ್ಟು ವರ್ಷ ಆಡಿದೆ. ಅವನ ಗಂಟಲು ಕೆಟ್ಟ ದಿನ ನಾನೂ ಕೆಟ್ಟದಾಗಿ ಆಡುತ್ತಿದ್ದೆ.

ಒಂದು ಸಲ ಮಜಾ ಆಯಿತು. ಅವನು ಎಂದಿನಂತೆ "ಬಂದ!" ಎಂದು ಕೂಗಿದ. ನನ್ನ ಬೆನ್ನಿಗೆ ಬಿದ್ದಿದ್ದ ಎದುರಾಳಿ ಗಕ್ಕನೆ ನಿಂತುಬಿಟ್ಟ. ಅವನ ಕಿವಿಗೆ ಅದು ಬಂದ್ ಎಂದು ಕೇಳಿತ್ತು. ಹಿಂದಿಯಲ್ಲಿ, ಮರಾಠಿಯಲ್ಲಿ, ಮುಂಬೈಯ ಸಕಲ ಭಾಷೆಗಳಲ್ಲಿ ಬಂದ್ ಅಂದರೆ ಬಂದ್, ಆಟ ನಿಂತಿದೆ. ನಾನು ನಿಧಾನವಾಗಿ ತಿರುಗಿ, ನೋಡಿ, ಪಾಸು ಕೊಟ್ಟೆ, ಗೋಲಾಯಿತು. ಎದುರಾಳಿಗಳೆಲ್ಲ ರೆಫರಿಯನ್ನು ಮುತ್ತಿಕೊಂಡರು. ರೆಫರಿ ನಮ್ಮ ಸ್ಟಾಪರನ್ನು ಕರೆದು, ಆಟ ನಿಂತಿತೆಂದು ಕೂಗುವ ಅಧಿಕಾರ ನಿನಗೆ ಯಾರು ಕೊಟ್ಟರು ಎಂದು ಹಿಂದಿಯಲ್ಲಿ ಗದರಿಸಿದರು.

"ಬಂದ್ ನಹೀ ಬೋಲಾ ಸಾಬ್, ಬಂದ ಬೋಲಾ. ಬಂದ ಮಾನೇ ಆಯಾ."

"ಕೌನ್ ಆಯಾ?"

"ಜೋ ಆಯಾ ಥಾ, ವೋ ಆಯಾ" ಎಂದು ಇವನು ಗಂಭೀರವಾಗಿ ಹೇಳಿದ.

ರೆಫರಿ ತಲೆ ಚಚ್ಚಿಕೊಂಡು ಗೋಲು ಕೊಟ್ಟರು. ನಮ್ಮ ಹಳೆಯ ಗೋಲ್‌ಕೀಪರ್‌ಗೆ ಈ ಬಂದದ ಅರ್ಥ ಚೆನ್ನಾಗಿ ಗೊತ್ತಿತ್ತು. ಆ ದಿನ ಅವನು ಗೋಲಿನ ಕಂಬ ಹಿಡಿದುಕೊಂಡು ನಕ್ಕಿದ್ದ.

ಹೀಗೆ ವರ್ಷಗಳು ಹೋದವು. ಬೆಳಿಗ್ಗೆ ಪ್ರಾಕ್ಟೀಸು, ಸ್ನಾನ, ಫೋರ್ಟಿನ ಆಫೀಸು. ನನ್ನದು ಡಿಸ್ಪ್ಯಾಚ್ ವಿಭಾಗ. ಅಲ್ಲೂ ಕೆಲಸ ಹಾಫಿನದೇ, ಒಬ್ಬರಿಂದ ತೆಗೆದುಕೊಂಡು ಇನ್ನೊಬ್ಬರಿಗೆ ದಾಟಿಸುವುದು. ಕ್ಲಬ್ಬಿನ ನೀಲಿ ಜರ್ಸಿಯನ್ನು ಅವ್ವ "ಮಣ್ಣು ಹೊತಗೊಂಡು ಬಂದೈತಿ ನೋಡು" ಎಂದು ಬೈಯುತ್ತ ತೊಳೆದು ಖೋಲಿಯ ಮುಂದಿನ ಗ್ಯಾಲರಿಯಲ್ಲಿ ಒಣಹಾಕುತ್ತಿದ್ದಳು. ಅಪ್ಪನಿಗೆ ನನ್ನ ಫುಟ್‌ಬಾಲ್ ಅಂದರೆ ಆ ಒದ್ದೆ ನೀಲಿ ಅಂಗಿ, ಅಷ್ಟೇ. ಕೆಲಸದಿಂದ ಬರುವಾಗ ಅದರ ಕೆಳಗೆ ತಲೆ ಬಗ್ಗಿಸಿ ಒಳಗೆ ಬರುತ್ತಿದ್ದ.

ಮೇಲೆ ಹತ್ತುವ ಅವಕಾಶ ಒಂದೆರಡು ಸಲ ಬಾಗಿಲ ತನಕ ಬಂದು ತಿರುಗಿ ಹೋಯಿತು. ನನ್ನ ಮಂಡಿ ಕಟಕಟ ಅನ್ನತೊಡಗಿತು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, "ಮಗಳ ಮದುವೆಯಲ್ಲಿ ನಿಮ್ಮ ಕಾಲ ಮೇಲೆ ನೀವು ನಿಲ್ಲಬೇಕಲ್ಲವೇ?" ಎಂದು ಕೇಳಿದರು. ಆಗ ಮಗಳು ಇನ್ನೂ ಬಾಲವಾಡಿಯಲ್ಲಿದ್ದಳು. ಆದರೂ ಅರ್ಥವಾಯಿತು. ಇದೇ ಕೊನೆಯ ಸೀಸನ್ನು ಎಂದು ಸ್ಟಾಪರ್‌ಗೂ ಕೋಚ್‌ಗೂ ಹೇಳಿದೆ, ಅಪ್ಪನಿಗೆ ಹೇಳಲಿಲ್ಲ.

ಆ ಸೀಸನ್ನಿನಲ್ಲಿ ನಾವು ಹೇಗೋ ಚೆನ್ನಾಗಿ ಆಡಿದೆವು. ಕೊನೆಯ ಪಂದ್ಯದ ಹೊತ್ತಿಗೆ ಲೆಕ್ಕ ಸರಳವಾಗಿತ್ತು. ಎದುರಿನ ತಂಡವೋ ನಾವೋ, ಇಬ್ಬರಲ್ಲಿ ಒಬ್ಬರು ಮೇಲಿನ ಡಿವಿಜನ್ನಿಗೆ. ಅವರು ಗೆಲ್ಲಲೇಬೇಕು, ನಮಗೆ ಡ್ರಾ ಆದರೂ ಸಾಕು.

ಹಿಂದಿನ ದಿನ ಅಪ್ಪನಿಗೆ, "ನಾಳೆ ಪೂರಾ ಆಗೂ ದಿನಾ ಇರಬಹುದಪಾ" ಅಂದೆ. ಅಪ್ಪ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಲೇ ಇದ್ದ. ಬರುವುದಿಲ್ಲ ಅಂದುಕೊಂಡೆ.

ಪಂದ್ಯ ಇದ್ದದ್ದು ಫೋರ್ಟಿನ ಪಕ್ಕದ ಮೈದಾನದಲ್ಲಿ. ಆ ಮೈದಾನ ಗೊತ್ತಿದ್ದವರಿಗೆ ಗೊತ್ತು, ಒಂದು ಆಟದ ಮಗ್ಗುಲಲ್ಲೇ ಇನ್ನೊಂದು ಆಟ. ಇಲ್ಲಿಯ ರೆಫರಿಯ ಸೀಟಿಗೆ ಅಲ್ಲಿಯವರು ನಿಲ್ಲುತ್ತಾರೆ, ಅಲ್ಲಿಯ ಸೀಟಿಗೆ ಇಲ್ಲಿಯವರು. ಹೋದ ಕೂಡಲೇ ಮೊದಲ ಕಿರಿಕಿರಿ ಎದುರಾಯಿತು: ಎದುರಾಳಿಗಳ ಜರ್ಸಿಯೂ ನೀಲಿ. ಚೀಟಿ ಎತ್ತಿದಾಗ ನಮ್ಮ ದುರದೃಷ್ಟಕ್ಕೆ ನಾವೇ ಮೇಲೆ ಬಿಳಿ ಬಿಬ್ ಹಾಕಿಕೊಳ್ಳಬೇಕಾಯಿತು. ಯಾರ್‍ಯಾರೋ ಬೆವತು ಬಿಟ್ಟ ತೋಳಿಲ್ಲದ ಬನಿಯನ್ನು ಅದು, ಒಗೆದು ಯಾವ ಕಾಲವಾಗಿತ್ತೋ. ಎರಡನೆಯ ಕಿರಿಕಿರಿ ಇನ್ನೂ ದೊಡ್ಡದು. ನಮ್ಮ ಹಳೆಯ ಗೋಲ್‌ಕೀಪರ್ ಬೆರಳು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡು ಬೆಂಚಿನ ಮೇಲೆ ಕೂತಿದ್ದ. ಅವನ ಬದಲು ನಿಂತದ್ದು ಕ್ಲಬ್ಬಿನ ಖಜಾಂಚಿ. ಕೊಂಕಣದ ಮರಾಠಿಯವರು, ಕಾಲೇಜಿನಲ್ಲಿ ಗೋಲು ಕಾದವರು, ಬಹಳ ಸಂಭಾವಿತರು. ಕನ್ನಡದ ಒಂದು ಅಕ್ಷರವೂ ಬಾರದು.

ಹೇಳಬೇಕೆಂದರೆ ಅವರು ಚೆನ್ನಾಗಿಯೇ ಕಾದರು. ನಮ್ಮ ಫಾರ್ವರ್ಡ್ ಒಂದು ಗೋಲು ಹೊಡೆದ, ಎದುರಾಳಿಗಳು ಒಂದು ತಿರುಗಿಸಿದರು. ಆಮೇಲೆ ಗೋಡೆ ಕಟ್ಟಿದಂತೆ ಆಡಿದೆವು. ನಾನು ಅಷ್ಟು ಚೆನ್ನಾಗಿ ಹಿಂದೆಂದೂ ಆಡಿರಲಿಲ್ಲ. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ, ಬೇರೆ ಯಾರೂ ಬರೆಯುವುದಿಲ್ಲವಲ್ಲ. ಮಂಡಿ ಸುಮ್ಮನಿತ್ತು. ಹಿಂದಿನಿಂದ "ಬಂದ!" ಕೇಳುವುದು, ಚೆಂಡು ದಾಟಿಸುವುದು, ಮತ್ತೆ "ಬಂದ!", ಮತ್ತೆ ದಾಟಿಸುವುದು. ಆಟ ಮುಗಿಯುತ್ತ ಬಂದಿತ್ತು. ಎದುರಾಳಿಗಳ ಮುಖದಲ್ಲಿ ಆಸೆ ಹೋಗಿತ್ತು. ನಾನು ಮನಸ್ಸಿನಲ್ಲೇ ಮೇಲಿನ ಡಿವಿಜನ್ನಿನ ಮೊದಲ ಪಂದ್ಯ ಆಡತೊಡಗಿದ್ದೆ.

ಆಗ ಎದುರಾಳಿಗಳು ದೂರದಿಂದ ಒಂದು ದುರ್ಬಲ ಹೊಡೆತ ಹೊಡೆದರು. ಖಜಾಂಚಿ ಚೆಂಡನ್ನು ಎದೆಗೆ ಅಪ್ಪಿ ಹಿಡಿದರು. ನಾವು ಉಸಿರು ಬಿಟ್ಟು ಮುಂದಕ್ಕೆ ಸರಿದೆವು. ಅದೇ ಹೊತ್ತಿಗೆ ಮೈದಾನದ ಅಂಚಿನಲ್ಲಿ, ಪ್ಯಾಂಟಿಗೆ ಬಿಳಿ ಸಿಮೆಂಟು ಮೆತ್ತಿಕೊಂಡು, ಕೈಯಲ್ಲಿ ಊಟದ ಡಬ್ಬಿ ಹಿಡಿದು, ಅಪ್ಪ ಬಂದು ನಿಂತ. ನಾನು ನೋಡಲಿಲ್ಲ. ಸ್ಟಾಪರ್ ನೋಡಿದ. ಅಷ್ಟು ವರ್ಷ ಆ ಮನುಷ್ಯ ಬರುವುದನ್ನು ನನ್ನಷ್ಟೇ ಕಾದವನು ಅವನು. ಸಂತೋಷ ತಡೆಯಲಾರದೆ ಗಂಟಲು ಹರಿಯುವಂತೆ ಕೂಗಿದ.

"ಬಂದ್ರು! ಬಂದ್ರಲೇ, ಬಂದ್ರು!"

ಬಂದ ಎಂದರೆ ಒಬ್ಬ. ಬಂದ್ರು ಎಂದರೆ ಹಲವರು ಎಂದು ನಾನು ತಿಳಿದೆ. ಎಷ್ಟು ಜನ ಬೆನ್ನಿಗೆ ಬಿದ್ದರಪ್ಪಾ ಎಂದು ಗಾಬರಿಯಾಗಿ ತಿರುಗಿ ನೋಡಿದರೆ ಬೆನ್ನ ಹಿಂದೆ ಒಂದು ನರಪಿಳ್ಳೆಯೂ ಇಲ್ಲ. ಗೆರೆಯ ಆಚೆ ಅಪ್ಪ ಮಾತ್ರ ನಿಂತಿದ್ದಾನೆ. ಸ್ಟಾಪರ್ ಕೊಟ್ಟದ್ದು ಮರ್ಯಾದೆಯ ಬಹುವಚನ, ನಾನು ಲೆಕ್ಕ ಮಾಡಿದ್ದು ತಲೆಗಳನ್ನು.

ಖಜಾಂಚಿಯ ಕಿವಿಗೆ ಬಿದ್ದದ್ದು ಬರೀ ಬಂದ್, ಬಂದ್, ಬಂದ್. ಅದಕ್ಕೆ ಸರಿಯಾಗಿ ಪಕ್ಕದ ಆಟದ ರೆಫರಿ ಸೀಟಿ ಊದಿದರು. ಸಂಭಾವಿತ ಮನುಷ್ಯ, ಆಟ ನಿಂತಿತೆಂದುಕೊಂಡು ಚೆಂಡನ್ನು ನೆಲಕ್ಕೆ ನಾಜೂಕಾಗಿ ಇಟ್ಟು, ನೀರು ಕುಡಿಯಲು ಕಂಬದ ಬುಡದಲ್ಲಿದ್ದ ಬಾಟಲಿಯ ಕಡೆ ನಡೆದರು. ಎದುರಾಳಿ ಫಾರ್ವರ್ಡ್‌ಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಅವನು ರೆಫರಿಯ ಮುಖ ನೋಡಿದ. ರೆಫರಿ ಆಡು ಎಂಬಂತೆ ಕೈ ಬೀಸಿದರು. ಅವನು ಹೋಗಿ, ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ಮೆಲ್ಲಗೆ, ಚೆಂಡನ್ನು ಗೋಲಿಗೆ ತಳ್ಳಿದ.

ನಾನು ಇದನ್ನು ನೋಡಲೇ ಇಲ್ಲ. ನಾನು ಅಪ್ಪನನ್ನು ನೋಡುತ್ತಿದ್ದೆ. ಹಿಂದೆ ಹೋ ಎಂದು ಗದ್ದಲವೆದ್ದಾಗ ಅಪ್ಪ ಬೆಚ್ಚಿದ. ಅವನ ಕಣ್ಣು ನನ್ನನ್ನು ನೀಲಿ ಅಂಗಿಗಳಲ್ಲಿ ಹುಡುಕುತ್ತಿತ್ತು. ಬಿಳಿ ಬಿಬ್ಬಿನೊಳಗಿದ್ದ ನನ್ನ ಮೇಲೆ ಹಾದುಹೋಯಿತು, ನಿಲ್ಲಲಿಲ್ಲ. ನೀಲಿಯವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಅಪ್ಪ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು, ಸೀಳಿದ ಆ ಎರಡು ಕೈಗಳನ್ನು ತಲೆಯ ಮೇಲೆತ್ತಿ ಚಪ್ಪಾಳೆ ಹೊಡೆಯತೊಡಗಿದ. ಅಪ್ಪ ಚಪ್ಪಾಳೆ ಹೊಡೆದದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ. ಅವನಿಗೆ ಅದು ಸರಿಯಾಗಿ ಬರುತ್ತಲೂ ಇರಲಿಲ್ಲ.

ಉಳಿದ ಸ್ವಲ್ಪ ಹೊತ್ತು ಓಡಿದೆವು, ಏನೂ ಆಗಲಿಲ್ಲ. ಸೀಟಿ ಬಿತ್ತು, ಈ ಸಲ ನಮ್ಮದೇ. ಬೆಂಚಿನ ಹತ್ತಿರ ಖಜಾಂಚಿ ಅಳುವುದೊಂದು ಬಾಕಿ. "ತುಮೀಚ್ ಓರಡಲಾತ್ ನಾ, ಬಂದ್ ಬಂದ್!" ಎಂದು ಎಲ್ಲರ ಮುಂದೆ ಕೈ ಚಾಚಿ ಕೇಳುತ್ತಿದ್ದರು; ನೀವೇ ತಾನೆ ಕೂಗಿದ್ದು ಎಂದು. ಹಳೆಯ ಗೋಲ್‌ಕೀಪರ್ ಪ್ಲಾಸ್ಟರಿನ ಕೈ ನೋಡುತ್ತ ಕೂತಿದ್ದ. ಸ್ಟಾಪರ್ ಮೈದಾನದ ನಡುವೆ ಅಂಗಾತ ಮಲಗಿ ಬಿಬ್ಬಿನಿಂದ ಮುಖ ಮುಚ್ಚಿಕೊಂಡಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ನಾ ಏನ್ ಮಾಡ್ದೆ ನೋಡಲೇ" ಅಂದ, ಬಟ್ಟೆಯೊಳಗಿಂದ.

"ಕಾಕಾ ಅಂತ ಮೊದಲ ಅಂದಿದ್ರ ಆಗ್ತಿತ್ತು" ಅಂದೆ.

"ಖುಷಿ ಆತಲೇ."

"ನಂಗೂ ಆತು. ಏಳು."

ಸಿಟ್ಟು ಬಂದಿತ್ತು. ಬಂದಿರಲಿಲ್ಲ ಎಂದು ಹೇಳಿದರೆ ಯಾರು ನಂಬುತ್ತಾರೆ? ಆದರೆ ಅದನ್ನು ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ. ವಾಸನೆ ಹೊಡೆಯುವ ಬಿಬ್ ಕಿತ್ತು ಎಸೆದೆ. ಒಳಗಿನ ನೀಲಿ ಜರ್ಸಿ ಮೈಗೆ ಅಂಟಿತ್ತು. ಎಲ್ಲರೂ ಬಿಬ್ ತೆಗೆದಿದ್ದರು. ಈಗ ಮೈದಾನದ ತುಂಬ ನೀಲಿ ಅಂಗಿಯವರೇ, ಅರ್ಧ ಜನ ಕುಣಿಯುತ್ತಿದ್ದರು, ಅರ್ಧ ಜನ ಸುಮ್ಮನೆ ಕೂತಿದ್ದರು.

ಅಪ್ಪ ಗೆರೆ ದಾಟಿ ಬರುತ್ತಿದ್ದ. ಹೊಸ ಫರಶಿಯ ಮೇಲೆ ನಡೆಯುವವನಂತೆ ಹುಲ್ಲಿನ ಮೇಲೆ ಹೆಜ್ಜೆ ನೋಡಿ ನೋಡಿ ಇಡುತ್ತಿದ್ದ. ಈಗ ನನ್ನನ್ನು ಗುರುತು ಹಿಡಿದ.

"ನಾ ಬರೂದಕ್ಕ, ಗೋಲ ಆಗೂದಕ್ಕ ಸರಿ ಆತು ನೋಡು! ಗೆದ್ರೆಲ್ಲಪಾ!"

ಅವನ ಮುಖ ಅರಳಿತ್ತು. ಸೈಟಿನಿಂದ ಅರ್ಧ ದಿನದ ರಜೆ ಹಾಕಿ ಬಂದಿದ್ದ. ಕೈಕಾಲು ತೊಳೆಯಲೂ ನಿಂತಿರಲಿಲ್ಲ. ಸ್ಟಾಪರ್ ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, ಮುಚ್ಚಿಕೊಂಡ.

"ಅಂದ್ರ..." ಅಪ್ಪ ದನಿ ತಗ್ಗಿಸಿ ಕೇಳಿದ. "ಪೂರಾ ಆತೇನೋ?"

"ಪೂರಾ ಆತಪಾ" ಅಂದೆ.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ದಿನ ಬಿಚ್ಚಿದ ಬೂಟನ್ನು ನಾನು ಮತ್ತೆ ಹಾಕಲಿಲ್ಲ. ಕ್ಲಬ್ಬು ಇವತ್ತಿಗೂ ಕೆಳಗಿನ ಡಿವಿಜನ್ನಿನಲ್ಲೇ ಇದೆ. ಮೇಲಿನ ಡಿವಿಜನ್ನಿನ ಪಂದ್ಯ ಯಾವಾಗ ಎಂದು ಅಪ್ಪ ಕೇಳಲಿಲ್ಲ. ನೆಲ ಹಾಸಿ ಮುಗಿಸಿದ ಮನೆಗೆ ಮತ್ತೆ ಹೋಗಿ ನೋಡುವ ರೂಢಿ ಅವನಿಗಿಲ್ಲ. ಆದರೆ ಆ ದಿನದ ಗೋಲನ್ನು ಮಾತ್ರ ಬಂದವರಿಗೆಲ್ಲ ಹೇಳುತ್ತಾನೆ. ವರ್ಷದಿಂದ ವರ್ಷಕ್ಕೆ ಆ ಗೋಲು ದೂರದಿಂದ ಹೊಡೆದದ್ದಾಗುತ್ತಿದೆ, ಅದರಲ್ಲಿ ನನ್ನ ಪಾಲೂ ಹೆಚ್ಚುತ್ತಿದೆ. ಹೋದ ದೀಪಾವಳಿಯ ಹೊತ್ತಿಗೆ ಅದನ್ನು ನಾನೇ ಹೊಡೆದಾಗಿತ್ತು. ಸ್ಟಾಪರ್ ಎದುರಿಗೇ ಕೂತು ಕೇಳಿ, "ಖರೇ ಕಾಕಾ, ನಾನೂ ನೋಡೀನಿ" ಎಂದ.

ಆ ಸಂಜೆ ನಾವು ಮೂವರೂ ಸಿಎಸ್‌ಟಿಯಿಂದ ಹಾರ್ಬರ್ ಲೋಕಲ್ ಹತ್ತಿದೆವು. ಅಪ್ಪನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವನ ಎದುರು ಒಬ್ಬ ಪಂಜಾಬಿ ಮುದುಕರು ಕೂತಿದ್ದರು. ನಾನು ಬೂಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ಅಪ್ಪನ ಪಕ್ಕ ಕೂತೆ, ಸ್ಟಾಪರ್ ಬಾಗಿಲಲ್ಲಿ ನಿಂತ. ಅಪ್ಪನಿಗೆ ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮಸ್ಜಿದ್ ಸ್ಟೇಷನ್ ದಾಟುವ ಹೊತ್ತಿಗೆ ಅವನು ಆ ಮುದುಕರ ಕಡೆ ಬಾಗಿ, ತನ್ನ ಬಿಲ್ಡಿಂಗ್ ಸೈಟಿನ ಹಿಂದಿಯಲ್ಲಿ ಹೇಳಿಯೇಬಿಟ್ಟ.

"ಮೇರಾ ಲಡಕಾ ಆಜ್ ಪೂರಾ ಹೋ ಗಯಾ."

ಪಂಜಾಬಿಗಳು ಯಾರಾದರೂ ತೀರಿಕೊಂಡರೆ ಪೂರೇ ಹೋ ಗಯೇ ಅನ್ನುತ್ತಾರೆ. ಇದು ನನಗೆ ಆಫೀಸಿನಲ್ಲಿ ಕೇಳಿ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ. ಮುದುಕರ ಮುಖ ಬಾಡಿತು. ಸಿಮೆಂಟು ಹತ್ತಿದ ಪ್ಯಾಂಟು, ಮಡಿಲಲ್ಲಿ ಖಾಲಿ ಡಬ್ಬಿ, ಹೊಳೆಯುತ್ತಿದ್ದ ಕಣ್ಣು, ಎಲ್ಲವನ್ನೂ ಒಮ್ಮೆ ನೋಡಿದರು. ಆಮೇಲೆ ಮುಂದೆ ಬಾಗಿ ಅಪ್ಪನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಒಬ್ಬ ಅಪರಿಚಿತ ದೊಡ್ಡ ಮನುಷ್ಯ ತನ್ನ ಮಗನ ಗೆಲುವಿಗೆ ಇಷ್ಟು ಖುಷಿಪಡುತ್ತಾನಲ್ಲ ಎಂದು ಅಪ್ಪನ ಕಣ್ಣಲ್ಲಿ ನೀರು ಬಂತು. ಆ ನೀರು ನೋಡಿ ಮುದುಕರ ಕಣ್ಣಲ್ಲೂ ಬಂತು.

ನನಗೆ ಮೊದಲು ನಗು ಬಂತು. ತಡೆಯಲು ಚೀಲದ ಮೇಲೆ ಮುಖ ಇಟ್ಟೆ. ಇಟ್ಟ ಮೇಲೆ ಅದು ನಗುವಾಗಿ ಉಳಿಯಲಿಲ್ಲ. ಹತ್ತಿಪ್ಪತ್ತು ವರ್ಷದ ಹುಲ್ಲು, ಮಣ್ಣು, ಬೆವರಿನ ವಾಸನೆಯಿದ್ದ ಆ ಚೀಲದೊಳಗೆ ನಾನು ಚೆನ್ನಾಗಿ ಅತ್ತೆ. ಎದುರಿನವರು ಅಪ್ಪನ ಕೈ ಬಿಟ್ಟಿರಲಿಲ್ಲ.

ಅಪ್ಪ ಇನ್ನೊಂದು ಕೈಯಿಂದ ನನ್ನ ಬೆನ್ನು ತಟ್ಟಿದ.

"ಏಳೋ" ಅಂದ. "ವಡಾಲ ಬಂತು."